ಗೋಂದಕ್ಕನ ನೆಲಮಾಳಿಗೆ

ಅವಳನ್ನು ಹೆಸರು ಹಿಡಿದು ಕರೆಯುವವರು ಅವಳ ಮನೆಯಲ್ಲೂ ಇರಲಿಲ್ಲ. ಬೀದಿಗೆಲ್ಲ ಅವಳು ಗೋಂದಕ್ಕ. ಪುಸ್ತಕಗಳಿಗೆ ರಟ್ಟು ಹಾಕುವುದು ಅವಳ ಕೆಲಸ. ಬೆರಳುಗಳಿಗೆ ಮೆತ್ತಿದ ಮೈದಾ ಅಂಟು ಸದಾ ಒಣಗಿಕೊಂಡಿರುತ್ತಿತ್ತು. ಮಾತಾಡುತ್ತಾ ಕೂತಾಗ ಅದನ್ನು ಹೆಬ್ಬೆರಳಿನಿಂದ ಉಜ್ಜಿ, ಸಣ್ಣ ಬತ್ತಿಗಳಂತೆ ಹೊಸೆದು ನೆಲಕ್ಕೆ ಉದುರಿಸುತ್ತಿದ್ದಳು. ನಮ್ಮ ಮನೆಗೆ ಬಂದು ಹೋದಳೆಂದರೆ ನಾನು ಪೊರಕೆ ಹಿಡಿಯಲೇಬೇಕು. "ಕಳ್ಳತನಕ್ಕೆ ನಾನು ಲಾಯಕ್ಕಿಲ್ಲ ಕಣೇ ಟೀಚರಮ್ಮ, ಹೋದಲ್ಲೆಲ್ಲ ಗುರುತು ಬಿಟ್ಟು ಬರ್ತೀನಿ" ಎಂದು ನಗುತ್ತಿದ್ದಳು.

ಹೋದ ತಿಂಗಳು ತೀರಿಕೊಂಡಳು. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದು ಅಂಟು ಕಾಯಿಸಲು ಒಲೆ ಹಚ್ಚಿದ್ದಳಂತೆ. ಅಂಟು ಸೀದ ವಾಸನೆ ಬಂದು ಪಕ್ಕದ ಟೈಲರಮ್ಮ ಒಳಗೆ ಹೋಗಿ ನೋಡಿದಾಗ ಮೇಜಿನ ಮೇಲೆ ತಲೆಯಿಟ್ಟು ಕೂತಿದ್ದಳು. ಟೈಲರಮ್ಮ ಮೊದಲು ಒಲೆ ಆರಿಸಿದಳು, ಆಮೇಲೆ ಅವಳನ್ನು ಅಲುಗಿಸಿದಳು. ಈ ಕ್ರಮಕ್ಕಾಗಿ ಆಕೆ ಈಗಲೂ ಅಳುತ್ತಾಳೆ.

ಗೋಂದಕ್ಕ ನನಗಿಂತ ಎರಡು ವರ್ಷಕ್ಕೆ ದೊಡ್ಡವಳು. ಎದುರುಬದುರು ಮನೆ. ಅವಳ ಅಪ್ಪನ ಅಂಗಡಿಯ ಮುಂಭಾಗದಲ್ಲಿ ಬೈಂಡಿಂಗ್ ಕೆಲಸ, ಹಿಂಭಾಗದಲ್ಲಿ ಬಾಡಿಗೆಗೆ ಕೊಡುವ ಕಾದಂಬರಿಗಳು. ಸೂರಿನವರೆಗೆ ಏರಿದ ಹಲಗೆಗಳು, ಗಾಲಿ ಮುರಿದ ಏಣಿ, ಅಂಟಿಗೆ ಹುಳ ಹತ್ತದಿರಲೆಂದು ಬೆರೆಸುವ ಮೈಲುತುತ್ತದ ನೀಲಿ ಡಬ್ಬಿ, ಕಾಲಲ್ಲಿ ಒತ್ತಿ ಕತ್ತರಿಸುವ ಒಂದು ಹಳೆಯ ಯಂತ್ರ. ಆ ಯಂತ್ರ ಕಾಗದದ ಕಟ್ಟನ್ನು ಕೊಯ್ಯುವಾಗ ಬರುತ್ತಿದ್ದ ಸದ್ದು ನಮ್ಮ ಮನೆಯ ಜಗಲಿಯವರೆಗೂ ಕೇಳುತ್ತಿತ್ತು.

ನಮ್ಮಪ್ಪ ಹೆಡ್ಮಾಸ್ಟರು. ಊರಿನಲ್ಲಿ ಅವರ ಮಾತಿಗೆ ಎದುರಿರಲಿಲ್ಲ. ಸುಳ್ಳು ಹೇಳದವರು, ಯಾರ ಹಂಗಿಗೂ ಬೀಳದವರು, ಶಾಲೆಯ ಸೀಮೆಸುಣ್ಣವನ್ನು ಮನೆಗೆ ತಾರದವರು. ನಾನೂ ನನ್ನ ತಂಗಿಯೂ ಕಾದಂಬರಿಗಳ ಹುಚ್ಚಿಗೆ ಬಿದ್ದಾಗ ಅಪ್ಪ ಅಂಗಡಿಗೆ ಹೋಗಿ, "ಹೆಣ್ಣುಮಕ್ಕಳಿರೋ ಮನೆಗೆ ಹೋಗೋ ಪುಸ್ತಕ, ನೋಡಿ ಕೊಡಿ" ಎಂದರು. ಅಷ್ಟು ಸಾಕಾಯಿತು. ಅಂದಿನಿಂದ ಗೋಂದಕ್ಕನ ಅಪ್ಪ ಪ್ರೀತಿ ಪ್ರೇಮದ ಸನ್ನಿವೇಶ ಬರುವ ಹಾಳೆಗಳನ್ನೆಲ್ಲ ಒಂದಕ್ಕೊಂದು ಅಂಟಿಸಿಯೇ ಬಾಡಿಗೆಗೆ ಕೊಡತೊಡಗಿದರು. ನಾವಿಬ್ಬರೂ ದಪ್ಪಗಿರುವ ಹಾಳೆ ಸಿಕ್ಕಿದ ಕೂಡಲೇ ಅದನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದೆವು. ಒಂದರ ಮೇಲೊಂದು ಬಿದ್ದು ಕಲಸಿಹೋದ ಸಾಲುಗಳನ್ನು ಬಿಡಿಸಿ ಓದುವುದರಲ್ಲಿ ತಂಗಿಯದು ಎತ್ತಿದ ಕೈ. "ಕೈ ಹಿಡಿದ ಅಂತ ಇದೆ ಅಕ್ಕ... ಅಯ್ಯೋ, ಬರೀ ಕೈ! ಇಷ್ಟಕ್ಕೆ ಅಷ್ಟೊಂದು ಅಂಟು ದಂಡ!" ಎಂದು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ನಾನು ಶಿಕ್ಷಕರ ತರಬೇತಿಗೆಂದು ಬೇರೆ ಊರಿನ ಹಾಸ್ಟೆಲಿನಲ್ಲಿದ್ದಾಗ ತಂಗಿ ಸತ್ತಳು. ಜ್ವರ ಎಂದರು. ನಾನು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಮ್ಮ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ಅಪ್ಪ, "ಜ್ವರ ತಲೆಗೇರಿತು" ಎಂದು ಒಂದು ಸಲ ಹೇಳಿದರು. ಎರಡನೆಯ ಸಲ ಕೇಳುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಆ ದಿನ ಹಿತ್ತಲ ಮೆಟ್ಟಿಲ ಮೇಲೆ ನನ್ನ ಪಕ್ಕ ಬಂದು ಕೂತವಳು ಗೋಂದಕ್ಕ. ಒರಟಾದ ಆ ಕೈಯಲ್ಲಿ ನನ್ನ ಕೈ ಹಿಡಿದುಕೊಂಡಿದ್ದಳು. ಅದಕ್ಕೆ ಮೊದಲು ಅವಳು ಎದುರುಮನೆಯವಳು, ಅಷ್ಟೇ. ನಮ್ಮ ಸ್ನೇಹ ಶುರುವಾದದ್ದು ಆ ಮೆಟ್ಟಿಲಿನಿಂದ. ಅವಳು ಸಾಯುವವರೆಗೂ ಅದು ಒಂದು ದಿನವೂ ಹುಳಿಯಾಗಲಿಲ್ಲ.

ಅಪ್ಪಂದಿರಿಬ್ಬರೂ ಹೋದ ಮೇಲೆ ಅಂಗಡಿ ಅವಳದಾಯಿತು. ಅವಳು ಮಾಡಿದ ಮೊದಲ ಕೆಲಸವೆಂದರೆ ಕೆಟಲಿನಲ್ಲಿ ನೀರು ಕುದಿಸಿ, ಅದರ ಹಬೆಗೆ ಹಿಡಿದು, ಅಂಟಿಸಿದ ಹಾಳೆಗಳನ್ನೆಲ್ಲ ಬಿಡಿಸಿದ್ದು. ನಾನೂ ಜತೆಗೆ ಕೂರುತ್ತಿದ್ದೆ.

"ನೋಡೇ ಇಲ್ಲಿ" ಎಂದಳು ಒಮ್ಮೆ, ಎರಡು ಪುಸ್ತಕ ಎತ್ತಿ ಹಿಡಿದು. "ಮುತ್ತು ಕೊಟ್ಟ ಪುಟಕ್ಕೆಲ್ಲ ಅಂಟು. ಅಣ್ಣನ ಹೆಂಡತೀನ ಕೂಡಿಹಾಕಿ ಉಪವಾಸ ಸಾಯಿಸಿದ ಪುಟ ಬಿಚ್ಚಿಕೊಂಡೇ ಇದೆ. ಅದನ್ನ ಮಕ್ಕಳು ಓದ್ಬಹುದಂತೆ!"

"ನಿಮ್ಮಪ್ಪನ್ನೇ ಕೇಳಬೇಕಿತ್ತು."

"ನಮ್ಮಪ್ಪ ಅಂಟಿಸಿದ್ದು ನಿಮ್ಮಪ್ಪನ ಭಯಕ್ಕೆ ಕಣೇ" ಎಂದಳು. ಆಮೇಲೆ ಇನ್ನೊಂದು ಪುಸ್ತಕವನ್ನು ಹಬೆಗೆ ಹಿಡಿದಳು.

ಬಿಡಿಸಿದ ಪುಟಗಳನ್ನು ಈಗಲಾದರೂ ಓದೋಣವೆಂದು ನಮ್ಮ ಓದುವ ಬಳಗ ಹುಟ್ಟಿತು. ಭಾನುವಾರ ಮಧ್ಯಾಹ್ನ ಅಂಗಡಿಯ ಹಿಂಭಾಗದಲ್ಲಿ ಸೇರುತ್ತಿದ್ದೆವು: ನಾನು, ಟೈಲರಮ್ಮ, ಮೊದಲು ಡಾಕ್ಟರ ಹತ್ತಿರ ಕಾಂಪೌಂಡರಾಗಿದ್ದು ಆಮೇಲೆ ಸ್ವಂತ ಔಷಧಿ ಅಂಗಡಿ ಇಟ್ಟ ಮುದುಕರು, ಇನ್ನು ಬಿಡುವಿದ್ದಾಗ ಬಂದುಹೋಗುವವರು. ಹಳೆಯ ಪುಸ್ತಕಗಳಾದ್ದರಿಂದ ಪ್ರತಿ ಇರುತ್ತಿದ್ದುದು ಒಂದೇ. ಒಬ್ಬರಾದ ಮೇಲೆ ಒಬ್ಬರು ಗಟ್ಟಿಯಾಗಿ ಓದಬೇಕು, ಉಳಿದವರು ಕೇಳಬೇಕು. ಒಂದು ಅಧ್ಯಾಯವಾದ ಮೇಲೆ ಚಹಾ. ಅದರ ಜತೆಗೆ ನನ್ನ ವಿವರಣೆ. ಗೋಂದಕ್ಕ ಮಾತ್ರ ಎಂದೂ ಓದುತ್ತಿರಲಿಲ್ಲ. ಮೂಲೆಯಲ್ಲಿ ಕೂತು ಸೂಜಿ ದಾರ ಹಿಡಿದು ಯಾವುದೋ ಪುಸ್ತಕದ ಬೆನ್ನು ಹೊಲಿಯುತ್ತಾ ಕೇಳಿಸಿಕೊಳ್ಳುತ್ತಿದ್ದಳು.

ನಾವು ಹೆಚ್ಚಾಗಿ ಓದಿದ್ದು ಇಂಗ್ಲಿಷಿನಿಂದ ಕನ್ನಡಕ್ಕೆ ಬಂದ, ಗೋಥಿಕ್ ಎಂದು ಕರೆಯುವ ಆ ಹಳೆಯ ಭಯದ ಕಾದಂಬರಿಗಳನ್ನು, ಅದರಲ್ಲೂ ಮೊಟ್ಟಮೊದಲ ಕಾಲದವನ್ನು. ಪಾಳುಕೋಟೆ, ಗುಪ್ತಬಾಗಿಲು, ಗೋಡೆಯೊಳಗಿನ ಅಳು, ಮಾತೆತ್ತಿದರೆ ಮೂರ್ಛೆ ಹೋಗುವ ನಾಯಕಿ. ಟೈಲರಮ್ಮನಿಗೆ ಆ ನಾಯಕಿಯರನ್ನು ಕಂಡರಾಗದು. "ಬೀಳೋ ಬದಲು ಒಂದು ಲಾಟೀನು ತಗೊಂಡು ಹೋಗಿದ್ರೆ ಅರ್ಧ ಪುಸ್ತಕ ಉಳೀತಿತ್ತು" ಎನ್ನುತ್ತಿದ್ದಳು. ಕಾಂಪೌಂಡರು, "ರಕ್ತ ಕಡಿಮೆ ಇರ್ಬೇಕಮ್ಮ, ಟಾನಿಕ್ ಬರ್‍ಕೊಡ್ಲಾ?" ಎನ್ನುತ್ತಿದ್ದರು.

ನಾನು ಹೇಳುತ್ತಿದ್ದುದು ಇಷ್ಟು. ಈ ಕೋಟೆ ಕಲ್ಲಿನದಲ್ಲ, ಮನಸ್ಸಿನದು. ಮೇಲಿನ ಹಜಾರದಲ್ಲಿ ಪ್ರಾರ್ಥನೆ, ಮರ್ಯಾದೆ, ನೀತಿ. ಆ ಹಜಾರ ತನ್ನದಲ್ಲವೆಂದು ತಳ್ಳಿದ್ದೆಲ್ಲ ನೆಲಮಾಳಿಗೆಗೆ ಹೋಗುತ್ತದೆ. ಅಲ್ಲಿ ಅದು ಸಾಯುವುದಿಲ್ಲ. ಗೋಡೆಯೊಳಗಿಂದ ಸದ್ದು ಮಾಡುತ್ತದೆ. ಮನೆಯವರು ಅದನ್ನು ದೆವ್ವ ಎನ್ನುತ್ತಾರೆ. ಇಂಥ ಕಾದಂಬರಿಗಳಲ್ಲಿ ಅತಿ ದೊಡ್ಡ ದುಷ್ಟ ಯಾವಾಗಲೂ ಅತಿ ಕಟ್ಟುನಿಟ್ಟಿನ ಮನುಷ್ಯನೇ ಆಗಿರುತ್ತಾನೆ, ಗಮನಿಸಿ. ಬರೆದವನೂ ಅದೇ ಮನೆಯವನು. ಆ ದುಷ್ಟನ ಬೆನ್ನಿಗೆ ನೂರಾರು ಪುಟ ಆಸೆಯಿಂದ ಅಲೆದು, ಕೊನೆಯ ಅಧ್ಯಾಯದಲ್ಲಿ ಅವನನ್ನು ಕೊಂದು ಕೈ ತೊಳೆದುಕೊಳ್ಳುತ್ತಾನೆ.

"ಹಾಗಾದ್ರೆ ಒಳ್ಳೆಯವರ ಮನೇಲೇ ದೆವ್ವ ಜಾಸ್ತಿ ಅಂತಾಯ್ತು" ಎಂದಿದ್ದಳು ಗೋಂದಕ್ಕ, ದಾರ ಕಚ್ಚಿ ಹರಿಯುತ್ತಾ.

ಒಂದು ಚಳಿಗಾಲದಲ್ಲಿ ಅವಳೇ ಒಂದು ಕಾದಂಬರಿ ತಂದಿಟ್ಟಳು. ಹೊಸ ರಟ್ಟು, ಹೊಸ ಹೊಲಿಗೆ. ಪುಟದ ಸಂಖ್ಯೆಗಳೇ ಇರಲಿಲ್ಲ. "ಕೆಳಗಿನ ಅಂಚು ಗೆದ್ದಲು ತಿಂದಿತ್ತು ಕಣೇ, ಪೂರ್ತಿ ಸವರಿಬಿಟ್ಟೆ" ಎಂದಳು. ಕಥೆ ಹೀಗೆ. ತಂದೆತಾಯಿ ಇಲ್ಲದ ಇಬ್ಬರು ಅಕ್ಕತಂಗಿಯರು ದೈವಭಕ್ತನಾದ ಚಿಕ್ಕಪ್ಪನ ಕೋಟೆಯಲ್ಲಿ ಬೆಳೆಯುತ್ತಾರೆ. ಒಂದು ದಿನ ತಂಗಿ ಕಾಣೆಯಾಗುತ್ತಾಳೆ. ಓಡಿಹೋದಳು ಎನ್ನುತ್ತಾನೆ ಚಿಕ್ಕಪ್ಪ. ಗೋಡೆಯಲ್ಲಿ ಅಳು ಕೇಳುತ್ತದೆ. ಮನೆಗೆಲಸದ ಹುಡುಗಿಯೊಬ್ಬಳು ಅಕ್ಕನ ಹಿಂದೆ ಮುಂದೆ ಸುಳಿದಾಡುತ್ತಾಳೆ, ಏನೋ ಹೇಳಲು ಬಂದು ಹೇಳದೆ ಹೋಗುತ್ತಾಳೆ. ಕೊನೆಗೆ ಅಕ್ಕ ನೆಲಮಾಳಿಗೆಗೆ ಇಳಿದು, ಬಾಗಿಲನ್ನು ತಳ್ಳುತ್ತಾಳೆ. ಅಲ್ಲಿಗೆ ಅಧ್ಯಾಯ ಮುಗಿಯುತ್ತದೆ. ಮುಂದಿನ ಅಧ್ಯಾಯದಲ್ಲಿ ಬೆಳಗಾಗಿದೆ, ಅಕ್ಕ ತೋಟದಲ್ಲಿ ಒಬ್ಬಳೇ ನಿಂತಿದ್ದಾಳೆ, ಕೋಟೆ ಬಿಟ್ಟು ಹೊರಡುತ್ತಾಳೆ. ಒಳಗೆ ಏನು ಕಂಡಳು ಎಂದು ಎಲ್ಲೂ ಇಲ್ಲ. ಆ ಕೆಲಸದ ಹುಡುಗಿ ಕಥೆಯಲ್ಲಿ ಮತ್ತೆ ಬರುವುದೇ ಇಲ್ಲ.

ಆ ಭಾನುವಾರ ನಾನು ಮಾತಾಡಿದಷ್ಟು ಚೆನ್ನಾಗಿ ಮತ್ತೆಂದೂ ಮಾತಾಡಲಿಲ್ಲ. ಬರೆದವನು ಇಲ್ಲಿ ಮೌನವಾದದ್ದು ಸೋಲಲ್ಲ ಎಂದೆ. ಮನಸ್ಸು ಕೆಲವು ಬಾಗಿಲುಗಳನ್ನು ತೆರೆದ ಕ್ಷಣಕ್ಕೇ ಮುಚ್ಚುತ್ತದೆ. ಬದುಕಲು ಅದು ಕಂಡುಕೊಂಡ ದಾರಿ ಅದು. ನೋಡಿದ್ದನ್ನು ಹೇಳಲೇಬೇಕೆಂದಿಲ್ಲ, ಕೇಳಲೇಬೇಕೆಂದಿಲ್ಲ. ತೋಟಕ್ಕೆ ಬಂದು ನಿಂತರೆ ಸಾಕು. ಕೆಲಸದ ಹುಡುಗಿ ಬೇರೆ ಯಾರೂ ಅಲ್ಲ, ಅಕ್ಕನ ಒಳಗಿನ ಅಂಜಿಕೆಯೇ; ಬಾಗಿಲು ತೆರೆದ ಮೇಲೆ ಅವಳಿಗೆ ಕೆಲಸವಿಲ್ಲ, ಅದಕ್ಕೇ ಮಾಯವಾದಳು.

ಟೈಲರಮ್ಮ ಕಣ್ಣೊರೆಸಿಕೊಂಡಳು. ಕಾಂಪೌಂಡರು ಏನೋ ಹೇಳಲು ಬಾಯಿ ತೆರೆದರು. "ಚಹಾ ಆರ್ತಾ ಇದೆ, ಕುಡೀರಿ ಸಾರ್" ಎಂದಳು ಗೋಂದಕ್ಕ.

ಅವರು ಹೋದ ಮೇಲೆ ಲೋಟ ತೊಳೆಯುತ್ತಾ ಕೇಳಿದಳು: "ಅಲ್ವೇ, ಆ ಹುಡುಗಿ ನಿಜವಾಗಿ ಇದ್ದಿದ್ರೆ?"

"ಯಾವ ಹುಡುಗಿ?"

"ಕೆಲಸದವಳು. ಅಂಜಿಕೆ ಗಿಂಜಿಕೆ ಅಲ್ದೆ, ಒಬ್ಬ ಹುಡುಗಿ. ಎಲ್ಲಿಗೆ ಹೋಗಿರ್ತಾಳೆ?"

"ಅದು ಮುಖ್ಯ ಅಲ್ಲ ಅಕ್ಕ."

"ಹೂಂ. ಮುಖ್ಯ ಅಲ್ಲ ಬಿಡು."

ಆ ವಿವರಣೆಯನ್ನು ನಾನು ಲೇಖನವಾಗಿ ಬರೆದೆ. ಬೇರೆ ಬೇರೆ ಕಡೆ ಓದಿದೆ. ಅದರ ಪ್ರತಿಗೆ ಗೋಂದಕ್ಕನೇ ಕೆಂಪು ಬಟ್ಟೆಯ ರಟ್ಟು ಹಾಕಿಕೊಟ್ಟಳು. ಅದು ಬರೀ ಕಾದಂಬರಿಯ ಮಾತಾಗಿರಲಿಲ್ಲ ನನಗೆ. ನಮ್ಮ ಮನೆಯ ಮಹಡಿ ಕೋಣೆಗೆ ತಂಗಿ ಸತ್ತ ಮೇಲೆ ಅಪ್ಪ ಬೀಗ ಹಾಕಿಸಿದ್ದರು. ಅದರ ಮುಂದೆ ಹಾದುಹೋಗುವಾಗಲೆಲ್ಲ ಏನೋ ಕೇಳಬೇಕು ಎನ್ನಿಸಿ ಬೀಗವನ್ನು ಮುಟ್ಟಿ ನೋಡುತ್ತಿದ್ದೆ. ಆ ಪುಸ್ತಕ ಓದಿದ ಮೇಲೆ ಮುಟ್ಟುವುದನ್ನು ಬಿಟ್ಟೆ. ಅಮ್ಮ ಕೊನೆಯ ಸಲ ಮಲಗಿದಾಗ, "ನಿನ್ನ ತಂಗಿ..." ಎಂದು ಶುರುಮಾಡಿದರು. ನಾನು ಹೊದಿಕೆ ಸರಿಮಾಡಿ, "ಮಲಗಮ್ಮ, ಆಯಾಸ ಮಾಡ್ಕೋಬೇಡ" ಎಂದೆ. ಆ ಕಾದಂಬರಿಯ ಅಕ್ಕನೂ ಇಂಥದೇ ಬಾಗಿಲಿನಿಂದ ಹಿಂದಿರುಗಿ ಬದುಕಿದಳಲ್ಲ ಎಂದು ನೆಮ್ಮದಿ ಪಟ್ಟುಕೊಂಡೆ.

ಗೋಂದಕ್ಕ ಹೋದ ಮೇಲೆ ಬಳಗದವರು ಅಂಗಡಿಯಲ್ಲೇ ನೆನಪಿನ ಸಭೆ ಮಾಡೋಣವೆಂದರು. ನಾನು ಆ ನೆಲಮಾಳಿಗೆಯ ಅಧ್ಯಾಯದ ಬಗ್ಗೆ ಮಾತಾಡುತ್ತೇನೆ, ಅವಳು ಅದನ್ನು ಎಷ್ಟು ಗಮನವಿಟ್ಟು ಕೇಳಿದ್ದಳೆಂದು ಹೇಳುತ್ತೇನೆ ಎಂದೆ. ಮಾರನೆಯ ಬೆಳಿಗ್ಗೆ ಕಾಂಪೌಂಡರು ಮನೆಗೆ ಬಂದರು. ಕೂರಲು ಹೇಳಿದರೂ ಕೂರಲಿಲ್ಲ.

"ಅದೊಂದು ಬೇಡ ಟೀಚರ್. ಬೇರೆ ಏನಾದ್ರೂ ಮಾತಾಡಿ."

"ಯಾಕೆ ಸಾರ್?"

"ಆ ಪುಸ್ತಕ ನಾನು ಹುಡುಗನಾಗಿದ್ದಾಗ್ಲೇ ಓದಿದ್ದೆ. ಇದೇ ಅಂಗಡೀದು, ಇದೇ ಪ್ರತಿ. ಬಾಗಿಲು ತಳ್ಳಿದ ಮೇಲೆ ಇನ್ನೂ ಇದೆ ಅಮ್ಮ. ಬೇಕಾದಷ್ಟಿದೆ. ಗೋಂದಕ್ಕ ಆ ಹಾಳೆಗಳನ್ನ ತೆಗೆದುಬಿಟ್ಟು ಹೊಲಿದಿದ್ಲು."

ನನಗೆ ನಗು ಬಂತು. ತಮಾಷೆ ಎಂದುಕೊಂಡೆ. ಅವರು ಔಷಧಿಯ ಕಂದು ಕವರೊಂದನ್ನು ಮೇಜಿನ ಮೇಲಿಟ್ಟರು. ಒಳಗೆ ಹಳದಿಯಾದ ಅಚ್ಚಿನ ಹಾಳೆಗಳು, ಕೆಳ ಅಂಚಿನಲ್ಲಿ ಪುಟದ ಸಂಖ್ಯೆಗಳಿದ್ದವು. ಗೆದ್ದಲು ಮುಟ್ಟಿರಲಿಲ್ಲ.

"ಎಸೆಯೋಕೆ ಮನಸ್ಸು ಬರ್ಲಿಲ್ಲವಂತೆ. ನಾನು ಕೇಳಿದ್ದಕ್ಕೆ ನನ್ನ ಹತ್ರ ಕೊಟ್ಟು, ಇಟ್ಕೊಂಡಿರಿ, ಒಂದು ದಿನ ನಾನೇ ಟೀಚರಮ್ಮಂಗೆ ಕೊಡ್ತೀನಿ ಅಂದ್ಲು."

"ನನಗ್ಯಾಕೆ? ನನ್ನಿಂದ ಯಾಕೆ ಮುಚ್ಚಿಡಬೇಕಿತ್ತು?"

ಆಗ ಅವರು ಕೂತರು. ಹೇಳಿದರು. ನನ್ನ ತಂಗಿ ಅಚ್ಚುಕೂಟದಲ್ಲಿ ಅಕ್ಷರ ಜೋಡಿಸುವ ಹುಡುಗನೊಬ್ಬನನ್ನು ಮೆಚ್ಚಿದ್ದಳು. ಅಪ್ಪನಿಗೆ ತಿಳಿಯಿತು. ಅವಳನ್ನು ಮಹಡಿ ಕೋಣೆಗೆ ಹಾಕಿ ಬೀಗ ಹಾಕಿದರು. ಅವಳು ಊಟ ಬಿಟ್ಟಳು. ಬೀಗವನ್ನು ಸತ್ತ ಮೇಲೆ ಹಾಕಿದ್ದಲ್ಲ. ಜ್ವರ ಬಂದದ್ದು ಸುಳ್ಳಲ್ಲ. ಆದರೆ ಡಾಕ್ಟರನ್ನು ಕರೆಸಿದರೆ ಬೀಗ ಯಾಕೆ ಎಂದು ಕೇಳುತ್ತಾರಲ್ಲ; ಕರೆಸಿದ್ದು ಎಲ್ಲ ಕೈಮೀರಿದ ಮೇಲೆ.

"ಆವತ್ತು ಡಾಕ್ಟರ ಬ್ಯಾಗು ಹಿಡ್ಕೊಂಡು ನಾನೂ ಬಂದಿದ್ದೆ" ಎಂದರು ಕಾಂಪೌಂಡರು.

"ಇಷ್ಟು ವರ್ಷ ನನ್ನ ಎದುರು ಕೂತು ಚಹಾ ಕುಡಿದ್ರಿ."

"ಹೌದಮ್ಮ."

"ಗೋಂದಕ್ಕಂಗೂ ಗೊತ್ತಿತ್ತು."

ಅವರು ಕವರನ್ನು ನನ್ನತ್ತ ಸರಿಸಿದರು. "ಅವಳು ನಿಮ್ಮಪ್ಪನ ಪುಸ್ತಕಗಳಿಗೆ ರಟ್ಟು ಹಾಕಿ ಕೊಡೋಕೆ ನಿಮ್ಮನೆಗೆ ಬಂದಿದ್ಲಂತೆ. ಮಹಡೀಲಿ ಕಪಾಟಿಗೆ ಜೋಡಿಸ್ತಿರುವಾಗ ನಿಮ್ಮ ತಂಗಿ ಬಾಗಿಲ ಸಂದಿನಿಂದ ಕರೆದ್ಲಂತೆ. 'ಅಕ್ಕಂಗೆ ಹಾಸ್ಟೆಲಿಗೆ ಸುದ್ದಿ ಮುಟ್ಸು, ಬರೋಕೆ ಹೇಳು, ನೀನೊಬ್ಳೇ ದಿಕ್ಕು' ಅಂತ. ಇವಳು 'ಹೂಂ, ಮುಟ್ಟಿಸ್ತೀನಿ' ಅಂದ್ಲಂತೆ. ಮನೆಗೆ ಹೋಗಿ ಅವರಪ್ಪಂಗೆ ಹೇಳಿದ್ಲು. ಹೆಡ್ಮಾಸ್ಟರ ಮನೆ ವಿಷಯ, ತೆಪ್ಪಗಿರು ಅಂದ್ರು ಅವರು. ತೆಪ್ಪಗಿದ್ಲು."

ಅವರು ಹೋದ ಮೇಲೆ ಹಾಳೆಗಳನ್ನು ಓದಿದೆ. ಅಕ್ಕ ಬಾಗಿಲು ತಳ್ಳುತ್ತಾಳೆ. ತಂಗಿ ಒಳಗಿದ್ದಾಳೆ, ಉಸಿರಿಲ್ಲ. ಅಕ್ಕ ಮೂರ್ಛೆ ಹೋಗುವುದಿಲ್ಲ. ತಂಗಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸಿಕ್ಕಾದ ಕೂದಲನ್ನು ಬೆರಳಿನಿಂದ ಬಿಡಿಸುತ್ತಾ ಕೂರುತ್ತಾಳೆ. ಆಗ ಕೆಲಸದ ಹುಡುಗಿ ದೀಪ ಹಿಡಿದು ಬರುತ್ತಾಳೆ. ಕಾಲಿಗೆ ಬೀಳುತ್ತಾಳೆ. "ಅವರು ನಿಮಗೆ ಹೇಳೆಂದು ನನ್ನನ್ನು ಬೇಡಿಕೊಂಡಿದ್ದರು. ನಾನು ಒಪ್ಪಿಕೊಂಡು ಹೇಳಲಿಲ್ಲ. ಯಜಮಾನರ ಭಯವಾಯಿತು" ಎನ್ನುತ್ತಾಳೆ. ಅಕ್ಕ ಅವಳನ್ನು ಎಬ್ಬಿಸಿ, "ನೀನೂ ಈ ಮನೆಯ ಸೆರೆಯವಳೇ" ಎಂದು ಕ್ಷಮಿಸುತ್ತಾಳೆ. ಆಮೇಲೆ ಮೇಲೆ ಹೋಗಿ, ಪ್ರಾರ್ಥನೆಗೆ ಸೇರಿದ್ದ ಮನೆಮಂದಿಯ ಮುಂದೆ ಚಿಕ್ಕಪ್ಪನ ಹೆಸರು ಹಿಡಿದು ಕೂಗಿ ಹೇಳುತ್ತಾಳೆ. ಇಷ್ಟೆಲ್ಲ ಆದ ಮೇಲೆಯೇ ಅವಳು ತೋಟಕ್ಕೆ ಬಂದದ್ದು.

ಅಂದರೆ ಬರೆದವನು ಮೌನವಾಗಿರಲೇ ಇಲ್ಲ. ನಾನು ಮನಸ್ಸಿನ ಮಹಾ ಮೌನವೆಂದು ಊರೆಲ್ಲ ಸಾರಿದ್ದು ಗೋಂದಕ್ಕನ ಕತ್ತರಿಯನ್ನು.

ತಂಗಿಯ ಸಾವಿನ ನಿಜವನ್ನು ಗೋಂದಕ್ಕ ನನ್ನಿಂದ ಮರೆಮಾಚಿದ್ದನ್ನು ಹೇಗೋ ನುಂಗಬಹುದೇನೋ. ಅವಳಾಗ ಚಿಕ್ಕವಳು, ಅಪ್ಪನ ಮಾತು ಮೀರದವಳು. ನುಂಗಲಾಗದ್ದು ಇದು: ಆ ಹಾಳೆಗಳಲ್ಲಿ ಅವಳು ಮುಚ್ಚಿದ್ದು ನನ್ನ ಕಥೆಯನ್ನಲ್ಲ, ತನ್ನ ಕಥೆಯನ್ನು. ಆಮೇಲೆ ನಾನು ಆ ತೂತಿನ ಮೇಲೆ ಅರಮನೆ ಕಟ್ಟುವುದನ್ನು ಮೂಲೆಯಲ್ಲಿ ಕೂತು ನೋಡಿದಳು. ಕೇಳದಿರುವುದೇ ಲೇಸು ಎಂದು ನಾನು ಬಾಯಿ ತುಂಬ ಹೇಳುವಾಗ ಸೂಜಿಗೆ ದಾರ ಪೋಣಿಸಿಕೊಂಡಳು. ಅಮ್ಮ ಹೇಳಹೊರಟಾಗ ನಾನು ತಡೆದದ್ದನ್ನು ಅವಳಿಗೆ ತಿಳಿಸಿದ್ದೆ. "ಒಳ್ಳೇದೇ ಮಾಡ್ದೆ ಬಿಡು" ಎಂದಿದ್ದಳು. ಅವಳ ಅಪ್ಪನ ಅಂಟು ಇದಕ್ಕಿಂತ ಎಷ್ಟೋ ಪ್ರಾಮಾಣಿಕ. ಹಾಳೆ ದಪ್ಪಗಾಗುತ್ತಿತ್ತು, ಇಲ್ಲಿ ಏನೋ ಇದೆ ಎಂದು ಮಕ್ಕಳ ಬೆರಳಿಗೂ ಗೊತ್ತಾಗುತ್ತಿತ್ತು. ಮಗಳ ಕೆಲಸದಲ್ಲಿ ಹೊಲಿಗೆ ಸಹ ಎದ್ದು ಕಾಣಲಿಲ್ಲ.

ಮೂವತ್ತು ವರ್ಷಕ್ಕೂ ಮೀರಿದ ಸ್ನೇಹದಲ್ಲಿ ಯಾವುದು ಪ್ರೀತಿ, ಯಾವುದು ಪಾಪಭೀತಿ ಎಂದು ಈಗ ಬೇರೆ ಮಾಡಿ ನೋಡಲು ಕೂತೆ. ನನಗೆ ಟೈಫಾಯ್ಡ್ ಬಂದಾಗ ಅವಳು ಹಾಸಿಗೆ ಪಕ್ಕದಿಂದ ಏಳಲಿಲ್ಲ. ಅದು ನನಗಾಗಿಯೋ, ಇನ್ನೊಂದು ಹಾಸಿಗೆಯ ಬಳಿ ಇರದಿದ್ದುದಕ್ಕೋ? ನನ್ನ ಹುಟ್ಟುಹಬ್ಬಕ್ಕೆಂದು ರಟ್ಟು ಹಾಕಿ ಕೊಟ್ಟ ಪುಸ್ತಕಗಳು ಯಾರಿಗೆ ಕೊಟ್ಟವು? ಹಿತ್ತಲ ಮೆಟ್ಟಿಲ ಮೇಲೆ ಅವಳು ಹಿಡಿದ ಕೈ ಯಾರದು? ಕೇಳಲು ಅವಳಿಲ್ಲ. ಇರುವಾಗ ಕೇಳಬಾರದೆಂದು ನನಗೆ ಕಲಿಸಿ ಹೋಗಿದ್ದಾಳೆ.

ಸಭೆಯ ದಿನ ಅಂಗಡಿ ತುಂಬಿತ್ತು. ಟೈಲರಮ್ಮ ಗೋಂದಕ್ಕನ ಸ್ಟೂಲನ್ನು ಒರೆಸಿ ಖಾಲಿ ಬಿಟ್ಟಿದ್ದಳು. ಎಲ್ಲರೂ ಅವಳ ಒಳ್ಳೆಯತನದ ಬಗ್ಗೆ ಮಾತಾಡಿದರು; ಒಂದೂ ಸುಳ್ಳಲ್ಲ. ನನ್ನ ಸರದಿ ಬಂದಾಗ ಭಾಷಣ ಮಾಡಲಿಲ್ಲ. "ಅವಳು ತುಂಬ ಜೋಪಾನವಾಗಿ ಇಟ್ಟಿದ್ದ ಕೆಲವು ಪುಟ ಓದ್ತೀನಿ" ಎಂದು ಕವರಿನಿಂದ ಹಾಳೆಗಳನ್ನು ತೆಗೆದೆ. ಕಾಂಪೌಂಡರು ಕಣ್ಣು ಮುಚ್ಚಿಕೊಂಡರು.

ಬಾಗಿಲು, ತಂಗಿ, ಕೂದಲು, ದೀಪ. ಕೆಲಸದ ಹುಡುಗಿ ಕಾಲಿಗೆ ಬಿದ್ದು ತಪ್ಪು ಒಪ್ಪಿಕೊಳ್ಳುವವರೆಗೂ ಓದಿದೆ. "ಯಜಮಾನರ ಭಯವಾಯಿತು" ಎಂಬಲ್ಲಿ ನಿಲ್ಲಿಸಿ ಹಾಳೆಗಳನ್ನು ಮಡಚಿದೆ.

"ಆಮೇಲೆ?" ಎಂದಳು ಟೈಲರಮ್ಮ. "ಅಕ್ಕ ಏನಂದ್ಲು? ಓದಿ ಟೀಚರ್, ಅರ್ಧಕ್ಕೇ ಬಿಟ್ರೆ ಹೇಗೆ?"

ನಾನು ಮಡಚಿದ ಹಾಳೆಗಳ ಮೇಲೆ ಕೈಯಿಟ್ಟೆ.

"ಕ್ಷಮಿಸ್ತಾಳಮ್ಮ" ಎಂದರು ಕಾಂಪೌಂಡರು ಮೆಲ್ಲಗೆ, ಟೈಲರಮ್ಮನಿಗೆ ಹೇಳುವಂತೆ. ಆದರೆ ನೋಡುತ್ತಿದ್ದುದು ನನ್ನನ್ನು. "ಮುಂದಿನ ಪುಟದಲ್ಲೇ ಇದೆ. ಅವಳನ್ನ ಎಬ್ಬಿಸಿ ಕ್ಷಮಿಸ್ತಾಳೆ."

"ಹೌದು ಸಾರ್, ಕ್ಷಮಿಸ್ತಾಳೆ" ಎಂದೆ. "ಆ ಹುಡುಗಿ ಅವಳ ಎದುರಿಗೆ ಬಂದು ನಿಂತು, ಬಾಯಿಬಿಟ್ಟು ಹೇಳಿದ್ಲು."

ಹಾಳೆಗಳನ್ನು ಅವರ ಕೈಗಿತ್ತೆ. ಉಳಿದದ್ದನ್ನು ಬೇಕಾದವರು ಓದಿಕೊಳ್ಳಲಿ ಎಂದು ಹೇಳಿ ಚಪ್ಪಲಿ ಮೆಟ್ಟಿ ಹೊರಗೆ ಬಂದೆ. ಒಳಗೆ ಕಾಂಪೌಂಡರು ಮುಂದಿನ ಸಾಲನ್ನು ಓದಲು ತೊಡಗಿದ್ದು ಬೀದಿಗೆ ಕೇಳುತ್ತಿತ್ತು. ನಾನು ನಿಲ್ಲಲಿಲ್ಲ. ಮನೆಗೆ ಬಂದು ಮಹಡಿ ಹತ್ತಿದೆ. ಆ ಕೋಣೆಯ ಬೀಗ ತೆಗೆಸಬೇಕು, ಯಾರನ್ನು ಕರೆಯಲಿ ಎಂದು ಯೋಚಿಸಿದೆ. ಇಂಥದ್ದಕ್ಕೆಲ್ಲ ನಾನು ಕರೆಯುತ್ತಿದ್ದುದು ಗೋಂದಕ್ಕ ಒಬ್ಬಳನ್ನೇ.